ಬಾನಿನಲ್ಲಿ ಹಾರುವುದೆಲ್ಲ ಉಲ್ಕೆಯಲ್ಲ

ಭೂಮಿಯ ಸಮೀಪ ಕಲ್ಲುಬಂಡೆಯೊಂದು ಹಾದುಹೋಗಲಿದೆ ಎಂಬ ಸುದ್ದಿ ಬಂದರೆ ಸಾಕು, ನಮ್ಮ ಪತ್ರಿಕೆಗಳಲ್ಲಿ ಹೆಸರುಗಳ ಜಾತ್ರೆ ನೆರೆಯುತ್ತದೆ. ತಲೆಬರಹದಲ್ಲಿ ಅದು ಉಲ್ಕೆ; ಮೊದಲ ಸಾಲಿನಲ್ಲಿ ಕ್ಷುದ್ರಗ್ರಹ; ಕೊನೆ ಮುಟ್ಟುವ ವೇಳೆಗೆ ಧೂಮಕೇತು. ತಾವರೆಯನ್ನು ಕಮಲವೆಂದರೂ ಪಂಕಜವೆಂದರೂ ಹೂವು ಒಂದೇ, ನಿಜ. ಆದರೆ ಈ ಮೂರು ಪರ್ಯಾಯಪದಗಳಲ್ಲ. ಮೊದಲ ಸಾಲಿನ ಹಸು ಎರಡನೆಯ ಸಾಲಿನಲ್ಲಿ ಕುದುರೆಯಾದರೆ ಯಾವ ಸಂಪಾದಕರು ಅದನ್ನು ಅಚ್ಚಿಗೆ ಕಳುಹಿಸಿಯಾರು?

ಕ್ಷುದ್ರಗ್ರಹವೆಂಬುದು ಬಹುಮಟ್ಟಿಗೆ ಕಲ್ಲು, ಲೋಹಗಳ ಕಾಯ. ಇವುಗಳಲ್ಲಿ ಬಹುಪಾಲು ಮಂಗಳ, ಗುರುಗ್ರಹಗಳ ನಡುವೆ ಸೂರ್ಯನನ್ನು ಸುತ್ತುತ್ತವೆ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಪಿಯಾಟ್ಸಿ ಕಂಡ ಸೀರಿಸ್ ಇವುಗಳಲ್ಲಿ ಮೊದಲು ಸಿಕ್ಕಿದ್ದು. ಸುಮಾರು 940 ಕಿಲೋಮೀಟರ್ ಅಡ್ಡಳತೆಯ ಅದಕ್ಕೆ 2006ರಲ್ಲಿ ಕುಬ್ಜಗ್ರಹವೆಂಬ ಪಟ್ಟವೂ ದೊರೆಯಿತು. ಧೂಮಕೇತುವಿನ ಒಡಲಾದರೋ ಹಿಮ ಮತ್ತು ಧೂಳು. ಸೂರ್ಯನನ್ನು ಸಮೀಪಿಸಿದಾಗ ಹಿಮ ಆವಿಯಾಗಿ, ಧೂಳನ್ನೂ ಹೊತ್ತು ಬಾಲವಾಗುತ್ತದೆ. 1986ರಲ್ಲಿ ಬಂದುಹೋದ ಹ್ಯಾಲಿ ಮತ್ತೆ ಬರುವುದು 2061ರಲ್ಲಿ. ಇನ್ನು ಉಲ್ಕೆ ಕಾಯವೇ ಅಲ್ಲ, ಬೆಳಕು! ಹೊರಗಿನಿಂದ ಬಂದ ಕಣವೋ ಕಲ್ಲೋ ನಮ್ಮ ವಾಯುಮಂಡಲಕ್ಕೆ ನುಗ್ಗಿ ಉರಿಯುವಾಗ ಕಾಣುವ ಗೆರೆ. ಉರಿದು ಉಳಿದು ನೆಲ ಮುಟ್ಟಿದ್ದು ಉಲ್ಕಾಶಿಲೆ. ಹೀಗಿರುವಾಗ ಲಕ್ಷಾಂತರ ಕಿಲೋಮೀಟರ್ ಆಚೆ ತಣ್ಣಗೆ ಹೋಗುವ ಬಂಡೆ ಉಲ್ಕೆಯಾದೀತು ಹೇಗೆ?

"ಸಾಮಾನ್ಯ ಓದುಗನಿಗೆ ಇಷ್ಟು ಸೂಕ್ಷ್ಮವೇಕೆ?" ಎನ್ನುವವರುಂಟು. ಅವರು 2013ರ ಫೆಬ್ರುವರಿ 15ನ್ನು ನೆನೆಯಲಿ. ಅಂದು ಸುಮಾರು 20 ಮೀಟರ್ ಗಾತ್ರದ ಪುಟ್ಟ ಕ್ಷುದ್ರಗ್ರಹವೊಂದು ರಷ್ಯದ ಚೆಲ್ಯಾಬಿನ್‌ಸ್ಕ್ ನಗರದ ಮೇಲೆ ಪ್ರಚಂಡ ಉಲ್ಕೆಯಾಗಿ ಉರಿದು ಸಿಡಿಯಿತು. ಅದರ ತುಂಡುಗಳು ಉಲ್ಕಾಶಿಲೆಗಳಾಗಿ ಬಿದ್ದವು. ಅರ್ಧ ಟನ್ನಿಗೂ ಮಿಗಿಲಾದ ಒಂದು ತುಂಡನ್ನು ಅದೇ ವರ್ಷ ಚೆಬರ್ಕುಲ್ ಸರೋವರದಿಂದ ಎತ್ತಿದರು. ಮೂರು ಹೆಸರುಗಳು ಮೂರು ಅವಸ್ಥೆಗಳಿಗೆ; ಧೂಮಕೇತುವಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಬೆಳಕು ಕಂಡ ಜನ ಕಿಟಕಿಗಳಿಗೆ ಧಾವಿಸಿದರು. ಒಂದೆರಡು ನಿಮಿಷದ ಮೇಲೆ ಆಘಾತದ ಅಲೆ ಬಡಿಯಿತು. ಗಾಯಗೊಂಡವರು ಸುಮಾರು 1,500 ಮಂದಿ. ಬಹುಮಂದಿಗೆ ತಗುಲಿದ್ದು ಒಡೆದ ಗಾಜು. ಉಲ್ಕೆಯ ಬೆಳಕಿನ ಹಿಂದೆ ಅಲೆಯೂ ಬರಬಹುದೆಂದು ಅರಿತವನು ಕಿಟಕಿಯಿಂದ ದೂರ ಸರಿಯುತ್ತಾನೆ. ಹೆಸರನ್ನೇ ಕಲಸುಮೇಲೋಗರ ಮಾಡುವವರು ಈ ಅರಿವನ್ನು ಕೊಡಬಲ್ಲರೆ?

"ನಿಸರ್ಗದಲ್ಲಿಯೇ ಗೆರೆ ಸ್ಪಷ್ಟವಿಲ್ಲ" ಎಂಬುದು ಪಂಡಿತರ ಆಕ್ಷೇಪ. ದಿಟ, 1983ರಲ್ಲಿ ಕಂಡುಬಂದ ಫೇಥಾನ್ ಕ್ಷುದ್ರಗ್ರಹವೆನಿಸಿಯೂ, ಧೂಮಕೇತುವಿನಂತೆ, ಪ್ರತಿ ಡಿಸೆಂಬರಿನ ಉಲ್ಕಾವರ್ಷಕ್ಕೆ ಮೂಲವಾಗಿದೆ. ಆದರೆ ಮುಸ್ಸಂಜೆ ಉಂಟೆಂದು ಹಗಲನ್ನೂ ಇರುಳನ್ನೂ ಒಂದೇ ಎನ್ನಲಾದೀತೆ?

ಉಳಿದದ್ದು ಕನ್ನಡಕ್ಕೆ ಶಕ್ತಿ ಸಾಲದೆಂಬ ಹಳೆಯ ಹಾಡು. 1802ರಲ್ಲಿ ಹರ್ಷೆಲ್ ಇಟ್ಟ 'ಆಸ್ಟರಾಯ್ಡ್' ಎಂಬ ಹೆಸರಿಗೆ ನಕ್ಷತ್ರದಂಥದು ಎಂದರ್ಥ. ದೂರದರ್ಶಕದಲ್ಲಿ ಚುಕ್ಕೆಯಾಗಿ ಕಂಡಿತೆಂಬುದನ್ನು ಬಿಟ್ಟರೆ ಅದಕ್ಕೂ ನಕ್ಷತ್ರಕ್ಕೂ ಯಾವ ನಂಟೂ ಇಲ್ಲ. ಕಿರಿಯ ಗ್ರಹವೆಂಬರ್ಥದ ನಮ್ಮ 'ಕ್ಷುದ್ರಗ್ರಹ'ವೇ ನಿಜಕ್ಕೆ ಹತ್ತಿರ. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಪಂಪಭಾರತವನ್ನು ಸಂಪಾದಿಸಿದರು. 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನೂ ನಡೆಸಿದರು. ಅವರಂಥವರು ಪದಗಳನ್ನು ಗಳಿಸಿಟ್ಟು ಹೋಗಿದ್ದಾರೆ. ಬಡತನ ಭಾಷೆಯದಲ್ಲ, ನಿಘಂಟನ್ನು ತೆರೆಯದ ನಮ್ಮ ಸೋಮಾರಿತನದ್ದು.