ಸಾಲದ ನಡುವೆ ಒಂದು ಪ್ಲೇಟ್ ಗಿರ್ಮಿಟ್

ಕ್ರೆಡಿಟ್ ಕಾರ್ಡ್ ಸಾಲ ಮೈಮೇಲೆ ಬಂದವರಿಗೆ ನಮ್ಮ ಕಡೆ ಸಿಗುವ ಉಪದೇಶ ಒಂದೇ. "ಸಾಲ ತೀರೂತನಕಾ ಎಲ್ಲಾ ಬಂದ್ ಮಾಡು. ಹೋಟ್ಲಾ ಬ್ಯಾಡ, ಸಿನಿಮಾ ಬ್ಯಾಡ, ಊರ್ ತಿರುಗೂದು ಬ್ಯಾಡ." ಹೇಳುವವರು ಹಿರಿಯರು. ಪ್ರೀತಿಯಿಂದಲೇ ಹೇಳುತ್ತಾರೆ. ಕೇಳೋದಕ್ಕೂ ನ್ಯಾಯವಾಗೇ ಇದೆ. ಆದರೂ ನಾನು ಇದನ್ನ ಒಪ್ಪೋದಿಲ್ಲ. ಕಾರಣ ನಾಲಿಗೆ ಚಪಲ ಅಲ್ಲ (ಅದೂ ಸ್ವಲ್ಪ ಇದೆ ಬಿಡಿ :-) ). ಕಾರಣ ಲೆಕ್ಕ. ಮಾಡೋ ಕೆಲಸ ಸಾಫ್ಟ್‌ವೇರ್ ಆದ್ದರಿಂದ ಯಾರಾದರೂ ಏನಾದರೂ ಹೇಳಿದರೆ ಮೊದಲು ಅದನ್ನೊಂದು ಶೀಟಿಗೆ ಹಾಕಿ ನೋಡೋ ಚಟ ನನಗೆ. ಇದನ್ನೂ ಹಾಕಿ ನೋಡಿದೆ.

ನಮ್ಮ ಗೋಕುಲ ರಸ್ತೆಯನ್ನೇ ತಗೊಳ್ಳಿ. ಹೊಸೂರು ಕಡೆಯಿಂದ ಹೊರಟರೆ ಹೊಸ ಬಸ್ ಸ್ಟ್ಯಾಂಡು, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ, ಇಂಡಸ್ಟ್ರಿಯಲ್ ಎಸ್ಟೇಟು, ಮುಂದೆ ಏರ್‌ಪೋರ್ಟು, ಇನ್ಫೋಸಿಸ್ ಕ್ಯಾಂಪಸ್ಸು. ಒಂದೇ ರಸ್ತೆಯಲ್ಲಿ ಲೇಥ್ ಮಷೀನ್ ತಿರುಗಿಸೋನೂ ಇದ್ದಾನೆ, ಲ್ಯಾಪ್‌ಟಾಪ್ ಹೊತ್ತು ತಿರುಗೋ ನಮ್ಮಂಥವರೂ ಇದ್ದೀವಿ. ಬೆಂಗಳೂರಿನ ಸಂಬಳ ಇಲ್ಲಿಲ್ಲ, ಆದರೆ ಬೆಂಗಳೂರಿನ ಆಸೆಗಳೆಲ್ಲ ಇವೆ! ಸಂಬಳದ ಖಾತೆ ತೆರೆದ ಕೆಲವೇ ದಿನಕ್ಕೆ "ಸರ್, ನಿಮಗೆ ಪ್ರೀ-ಅಪ್ರೂವ್ಡ್ ಕಾರ್ಡ್ ಇದೆ" ಅಂತ ಫೋನು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸೋ ವ್ಯವಸ್ಥೆಯೂ ಬಂದಿದೆ. ಅಂದರೆ ಮೊದಲು ದೊಡ್ಡ ಅಂಗಡಿಯ ಸ್ವೈಪ್ ಮಷೀನಿನ ತನಕ ಮಾತ್ರ ಇದ್ದ ಸಾಲ, ಈಗ ಚಹಾದಂಗಡಿಯ ಕ್ಯೂಆರ್ ಕೋಡಿನ ತನಕ ಬಂದು ನಿಂತಿದೆ. ಕಡ ತಂದು ಚಹಾ ಕುಡಿದೆ ಅಂತ ಯಾರಿಗೂ ಅನ್ನಿಸೋದೇ ಇಲ್ಲ, ಫೋನಿನಿಂದ 'ಟಿಣ್' ಅಂತ ಶಬ್ದ ಬಂತು, ಅಷ್ಟೇ.

ನನ್ನ ಗೆಳೆಯನೊಬ್ಬನ ಕಾರ್ಡಿನಲ್ಲಿ 80,000 ರೂಪಾಯಿ ಬಾಕಿ ನಿಂತಿತ್ತು. ಅಪ್ಪನ ಕಣ್ಣಿನ ಆಪರೇಶನ್ ಒಂದಿಷ್ಟು, ಹೊಸ ಫೋನು ಒಂದಿಷ್ಟು, ಗೋವಾ ಒಂದಿಷ್ಟು. ಅವನ ಕೈಗೆ ಬರೋ ಸಂಬಳ 38,000. ಊರಿಗೆ 8,000, ಬಾಡಿಗೆ ಮತ್ತು ಮೆಸ್ಸಿಗೆ 11,000, ಪೆಟ್ರೋಲು-ಮೊಬೈಲು-ಔಷಧಿ ಅಂತ 4,000, ಅಡಚಣೆಗೆ ಇರಲಿ ಅಂತ 3,000. ಒಟ್ಟು 26,000. ಉಳಿಯೋದು 12,000.

ಇಲ್ಲಿಂದ ಶುರು ನಮ್ಮ ಲೆಕ್ಕ. ಬಡ್ಡಿ ತಿಂಗಳಿಗೆ ಶೇ. 3.5 ಅಂತ ಇಟ್ಟುಕೊಳ್ಳಿ, ಅಂದರೆ ವರ್ಷಕ್ಕೆ ಶೇ. 42. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ! 80,000ಕ್ಕೆ ಮೊದಲ ತಿಂಗಳ ಬಡ್ಡಿ 2,800, ಅದರ ಮೇಲಿನ ತೆರಿಗೆ 504. ಒಟ್ಟು 3,304 ರೂಪಾಯಿ ಅಸಲಿನ ಒಂದು ಪೈಸೆಯನ್ನೂ ಮುಟ್ಟದೆ ಆವಿಯಾಗುತ್ತದೆ. ಸ್ಟೇಟ್‌ಮೆಂಟಿನಲ್ಲಿ 'ಮಿನಿಮಮ್ ಅಮೌಂಟ್ ಡ್ಯೂ' ಅಂತ ಒಂದು ಸಣ್ಣ ಮೊತ್ತ ಇರುತ್ತಲ್ಲ, ಸಾಮಾನ್ಯವಾಗಿ ಬಾಕಿಯ ಶೇ. 5ರ ಆಸುಪಾಸು, ಬರೀ ಅದನ್ನೇ ಕಟ್ಟುತ್ತಾ ಹೋದರೆ? ಒಂದು ವರ್ಷದಲ್ಲಿ ಜೇಬಿನಿಂದ ಹೋಗೋದು ಸುಮಾರು 47,000. ತೀರೋ ಸಾಲ ಹತ್ತು ಸಾವಿರಕ್ಕೂ ಕಡಿಮೆ. ಬರೀ ಮಿನಿಮಮ್ ಕಟ್ಟಿದರೆ ಸಾಲ ತಿಂಗಳು-ವರ್ಷಗಟ್ಟಲೆ ಎಳೆಯುತ್ತದೆ ಅನ್ನೋ ಎಚ್ಚರಿಕೆಯನ್ನ ಬಿಲ್ಲಿನಲ್ಲೇ ಹಾಕಬೇಕು ಅಂತ ರಿಸರ್ವ್ ಬ್ಯಾಂಕು 2022ರ ನಿಯಮಗಳಲ್ಲಿ ಹೇಳಿದೆ. ಆದರೆ ಬಿಲ್ ಪೂರ್ತಿ ಓದೋರು ಯಾರು ಹೇಳಿ?

ಕೋರ್ಟು ಕಾಪಾಡುತ್ತೆ ಅಂತ ಕೂರೋ ಹಾಗೂ ಇಲ್ಲ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕೋದು ಅನ್ಯಾಯದ ವ್ಯಾಪಾರ ಪದ್ಧತಿ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನ ರದ್ದು ಮಾಡಿತು. ಹಾಗಾಗಿ ಆ ಶೇ. 30ರ ಬೇಲಿಯೂ ಇಲ್ಲ. ನಮ್ಮ ಲೆಕ್ಕ ನಾವೇ ನೋಡಿಕೊಳ್ಳಬೇಕು.

ಈಗ ಹಿರಿಯರ ಉಪದೇಶಕ್ಕೆ ಬರೋಣ. ಎಲ್ಲಾ ಬಂದ್ ಮಾಡಿ, ಉಳಿದ 12,000ವನ್ನೂ ಪ್ರತಿ ತಿಂಗಳು ಕಾರ್ಡಿಗೇ ಕಟ್ಟಿದರೆ ಎಂಟನೇ ತಿಂಗಳಿಗೆ ಸಾಲ ಮುಗಿಯುತ್ತದೆ. ಬಡ್ಡಿ, ತೆರಿಗೆ ಸೇರಿ ಹೆಚ್ಚುವರಿ ಕಟ್ಟೋದು ಸುಮಾರು 15,500. ಇದು ಮೊದಲನೇ ದಾರಿ.

ಎರಡನೇ ದಾರಿ: ಸಾಲಕ್ಕೆ 10,500, ಖುಷಿಗೆ 1,500. ಹತ್ತನೇ ತಿಂಗಳಿಗೆ ಮುಗಿಯುತ್ತದೆ, ಅದೂ ಕೊನೆಯ ಕಂತು ಮೂರೂವರೆ ಸಾವಿರದಷ್ಟೇ. ಹೆಚ್ಚುವರಿ ಕಟ್ಟೋದು ಸುಮಾರು 18,080. ಎರಡರ ನಡುವೆ ವ್ಯತ್ಯಾಸ 2,580 ರೂಪಾಯಿ.

ಬರೀ ಶೀಟು ನೋಡಿದರೆ ಮೊದಲನೇ ದಾರಿಯೇ ಗೆದ್ದಂಗೆ. ಆದರೆ ಶೀಟಿಗೆ ಹಸಿವಾಗೋದಿಲ್ಲ, ಶೀಟಿಗೆ ಗೆಳೆಯರಿಲ್ಲ, ಶೀಟಿಗೆ ಭಾನುವಾರ ಸಂಜೆ ಅನ್ನೋದೇ ಇಲ್ಲ. ನನ್ನ ಗೆಳೆಯ ಮೊದಲು ಹಿಡಿದದ್ದು ಆ ದಾರಿಯನ್ನೇ. ಎರಡು ತಿಂಗಳು ಋಷಿಯಂತಿದ್ದ. ಮೂರನೇ ತಿಂಗಳು ಹಬ್ಬದ ಸೇಲು, ಅದೇ ವಾರ ಟೀಮಿನವರ ಜೊತೆ ಸಾವಜಿ ಊಟ. "ಲೇ, ಎರಡು ತಿಂಗಳಾತು, ಹೊರಗ ಒಂದ್ ಕಪ್ ಚಾ ಸುದ್ದಾ ಕುಡದಿಲ್ಲ. ಇವತ್ತೊಂದಿನ ಬಿಡಲೇ" ಅಂದ. ಆ ಒಂದು ವಾರದಲ್ಲಿ ಕಾರ್ಡಿನಿಂದ 6,400 ಹೋಯಿತು. 2,580 ಉಳಿಸೋಕೆ ಹೋಗಿ 6,400!

ಇನ್ನೊಂದು ಸಂಗತಿ ತುಂಬಾ ಜನಕ್ಕೆ ಗೊತ್ತಿರೋದಿಲ್ಲ. ಹಳೇ ಬಾಕಿ ಪೂರ್ತಿ ತೀರದೆ ಉಳಿದಿದ್ದರೆ, ಹೊಸ ಖರೀದಿಗೆ ಆ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಸಿಗೋದಿಲ್ಲ. ಸ್ವೈಪ್ ಮಾಡಿದ ದಿನದಿಂದಲೇ ಮೀಟರ್ ಓಡೋಕೆ ಶುರು. ಸಾಲದಲ್ಲಿದ್ದಾಗ ಕಾರ್ಡಿನಿಂದ ತಿಂದ ಊಟ, ಅದೇ ಊಟಕ್ಕೆ ನಗದು ಕೊಟ್ಟವನಿಗಿಂತ ನಮಗೆ ದುಬಾರಿ.

ಅದಕ್ಕೇ ನಾನು ಹೇಳೋದು, ಖುಷಿಯ ದುಡ್ಡು ಬಜೆಟ್ಟಿನಲ್ಲಿ ಇರಲೇಬೇಕು. 'ಮಿಕ್ಕರೆ ನೋಡೋಣ' ಅಂತ ಅಲ್ಲ, ಬಾಡಿಗೆ, ಪೆಟ್ರೋಲಿನ ಹಾಗೆ ಅದಕ್ಕೂ ಒಂದು ಸಾಲು, ಎದುರಿಗೆ ಒಂದು ಅಂಕಿ. ಗೆಳೆಯನ 1,500 ಹೀಗಿತ್ತು: ಎರಡು ಭಾನುವಾರ ದುರ್ಗದ ಬೈಲಿನಲ್ಲಿ ಗಿರ್ಮಿಟ್-ಮಿರ್ಚಿ, ತಿಂಗಳಿಗೊಮ್ಮೆ ಸಾವಜಿ ಖಾನಾವಳಿ, ಒಂದು ಸಿನಿಮಾ, ಊರಿಗೆ ಹೋಗೋವಾಗ ಅವ್ವನಿಗೆ ಅಂತ ಧಾರವಾಡ ಪೇಡಾ. ಆ ಪೇಡಾ ಇಲ್ಲದೆ ಬರಿಗೈಲಿ ಊರಿಗೆ ಹೋಗೋದಕ್ಕೆ ಅವನಿಗೆ ಎಷ್ಟು ಸಂಕಟ ಆಗುತ್ತಿತ್ತು ಅಂದರೆ, ಮೊದಲೆರಡು ತಿಂಗಳು ಅವನು ಊರಿಗೇ ಹೋಗಿರಲಿಲ್ಲ. ಸಾಲದ ನಿಜವಾದ ಪೆಟ್ಟು ಇದು ಅಂತೀನಿ ನಾನು. ಮನುಷ್ಯ ಮೊದಲು ಊರು ತಪ್ಪಿಸುತ್ತಾನೆ, ಆಮೇಲೆ ಗೆಳೆಯರನ್ನ ತಪ್ಪಿಸುತ್ತಾನೆ, ಕೊನೆಗೆ ಬ್ಯಾಂಕಿನ ಫೋನನ್ನ ತಪ್ಪಿಸುತ್ತಾನೆ. ಆ 1,500 ರೂಪಾಯಿ ಅವನನ್ನ ನಾಲ್ಕು ಜನರ ನಡುವೆ ಉಳಿಸಿತು.

ಇದು ಹೊಸ ಜ್ಞಾನವೇನೂ ಅಲ್ಲ. ನಮ್ಮ ಕರ್ನಾಟಕದ್ದೇ ಹಳೇ ವಿದ್ಯೆ. ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು (2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ವಿಲೀನವಾಯಿತು) 1928ರಲ್ಲೇ ಪಿಗ್ಮಿ ಅಂತ ಒಂದು ಯೋಜನೆ ತಂದಿತ್ತು. ಏಜೆಂಟರು ಮನೆ-ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಈಗಲೂ ಸಂಜೆ ಹೊತ್ತು ಪಿಗ್ಮಿಯವರು ಬರುತ್ತಾರೆ, ಸೊಸೈಟಿಗಳ ಹೆಸರು ಬೇರೆ ಬೇರೆ, ಅಷ್ಟೇ. ಇದರ ಗುಟ್ಟೇನು? ಅಂಗಡಿಯವನಿಗೆ ಯಾರೂ "ಊಟ ಬಿಟ್ಟು ಉಳಿಸು" ಅನ್ನಲಿಲ್ಲ. ದಿನಾ ಕಟ್ಟೋದಕ್ಕೆ ಆಗುವಷ್ಟನ್ನ ಕಟ್ಟು, ಆದರೆ ತಪ್ಪಿಸಬೇಡ ಅಂದರು. ಸಾಲ ತೀರಿಸೋದಕ್ಕೂ ಇದೇ ಸೂತ್ರ. ಎರಡು ತಿಂಗಳ ತಪಸ್ಸಿಗಿಂತ ಹತ್ತು ತಿಂಗಳ ಶಿಸ್ತು ದೊಡ್ಡದು.

ಆದರೆ ಸ್ವಾಮಿ, ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಹೇಳಿದಂಗೆ. ಪೇಡಾ ತಿನ್ನಬೇಕೋ ಬೇಡವೋ ಅನ್ನೋ ಜಗಳದಲ್ಲಿ ಎಲ್ಲರೂ ಮರೆಯೋದು ಬಡ್ಡಿಯ ದರವನ್ನ. ಅದೇ 80,000ವನ್ನ ವರ್ಷಕ್ಕೆ ಶೇ. 15ರ ಪರ್ಸನಲ್ ಲೋನಿಗೆ ಬದಲಾಯಿಸಿ, 12 ತಿಂಗಳ ಕಂತು ಮಾಡಿ ನೋಡಿ. ಕಂತು ಸುಮಾರು 7,220. ಇಡೀ ವರ್ಷದ ಬಡ್ಡಿ ಸುಮಾರು 6,650. ಪ್ರೊಸೆಸಿಂಗ್ ಫೀ ಅದೂ ಇದೂ ಅಂತ ಎರಡು ಸಾವಿರ ಸೇರಿಸಿದರೂ ಎರಡನೇ ದಾರಿಗಿಂತ ಒಂಬತ್ತು ಸಾವಿರದ ಮೇಲೆ ಉಳಿತಾಯ. ಅದೂ ಗಿರ್ಮಿಟ್ ಬಿಡದೆ! ಕಂತು, ಖುಷಿ ಎರಡೂ ಕಳೆದ ಮೇಲೆ ತಿಂಗಳಿಗೆ ಮೂರು ಸಾವಿರದ ಮೇಲೆ ಉಳಿಯುತ್ತದೆ, ಅದು ಅಡಚಣೆಯ ಡಬ್ಬಿಗೆ. ಮನೆಯಲ್ಲಿ ಬಂಗಾರ ಇದ್ದರೆ ಅದರ ಮೇಲಿನ ಸಾಲವೂ ಕಾರ್ಡಿಗಿಂತ ಎಷ್ಟೋ ಅಗ್ಗ. ಕಾರ್ಡಿನ ಬಾಕಿಯನ್ನೇ ಇಎಂಐ ಮಾಡಿಕೊಡಿ ಅಂತ ಕೇಳಬಹುದು, ಆದರೆ ದರ ಮತ್ತು ಶುಲ್ಕ ಎರಡನ್ನೂ ಕೇಳಿ ಬರೆದುಕೊಳ್ಳಿ. ಪೇಡಾ-ಸಿನಿಮಾ ಎಲ್ಲಾ ಬಿಟ್ಟರೆ ಉಳಿಯೋದು 2,580. ದರ ಬದಲಿಸಿದರೆ ಅದರ ಮೂರು ಪಟ್ಟಿಗೂ ಹೆಚ್ಚು. ಹಾಗಾದರೆ ಶತ್ರು ಯಾರು, ಪೇಡಾನೋ ಬಡ್ಡಿನೋ?

ಗೆಳೆಯನ ಜೊತೆ ಕೂತು ಮಾಡಿಕೊಂಡ ಕಟ್ಟಳೆಗಳು ಇಷ್ಟು:

1. ಸಂಬಳ ಬಂದ ದಿನವೇ ಸಾಲದ ಕಂತು ಹೋಗಬೇಕು. ಕೊನೆಯ ತಾರೀಖಿನ ತನಕ ಕಾಯೋದಿಲ್ಲ.

2. ಅದೇ ದಿನ ಖುಷಿಯ 1,500 ಬೇರೆ ಉಳಿತಾಯ ಖಾತೆಗೆ. ಯುಪಿಐ ಆ ಖಾತೆಗೆ ಮಾತ್ರ ಜೋಡಣೆ. ಕ್ರೆಡಿಟ್ ಕಾರ್ಡನ್ನ ಯುಪಿಐನಿಂದ, ಶಾಪಿಂಗ್ ಆಪ್‌ಗಳಿಂದ ತೆಗೆದುಹಾಕೋದು.

3. ಈ ತಿಂಗಳು ಉಳಿದದ್ದು ಮುಂದಿನ ತಿಂಗಳಿಗೆ ಸೇರುತ್ತದೆ. ಮುಂದಿನ ತಿಂಗಳದ್ದು ಈ ತಿಂಗಳಿಗೆ ಬರೋದಿಲ್ಲ.

4. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯೋದು ಎಂದೆಂದಿಗೂ ಇಲ್ಲ. ಅದಕ್ಕೆ ಶುಲ್ಕವೂ ಇದೆ, ಮೊದಲ ದಿನದಿಂದಲೇ ಬಡ್ಡಿಯೂ ಇದೆ.

5. ಲೋನ್ ತೆಗೆದು ಕಾರ್ಡ್ ಖಾಲಿ ಮಾಡಿದ ಮೇಲೆ ಆ ಕಾರ್ಡನ್ನ ಮತ್ತೆ ತುಂಬಿಸೋದಿಲ್ಲ. ಇದೊಂದು ಮುರಿದರೆ ಉಳಿದ ನಾಲ್ಕೂ ದಂಡ, ಒಂದು ಸಾಲದ ಜಾಗದಲ್ಲಿ ಎರಡು.

ಐದನೆಯದಕ್ಕೆ ಮನಸ್ಸು ಗಟ್ಟಿಯಿಲ್ಲದಿದ್ದರೆ ಲಿಮಿಟ್ ಇಳಿಸಿ ಅಂತ ಬರೆದುಕೊಡಿ, ಇಲ್ಲವೇ ಬಾಕಿ ತೀರಿದ ದಿನವೇ ಕಾರ್ಡ್ ಮುಚ್ಚಿ. 2022ರ ಅದೇ ನಿಯಮಗಳ ಪ್ರಕಾರ, ಬಾಕಿ ಇಲ್ಲದ ಕಾರ್ಡನ್ನ ಮುಚ್ಚಿ ಅಂತ ಕೇಳಿದ ಮೇಲೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಅವರೇ ನಮಗೆ ಕೊಡಬೇಕು. ನಮ್ಮ ಒಪ್ಪಿಗೆ ಇಲ್ಲದೆ ಲಿಮಿಟ್ ಏರಿಸುವ ಹಾಗೂ ಇಲ್ಲ.

"ಸಾಲಗಾರನಿಗೆ ಸಿನಿಮಾ ಯಾಕಪಾ?" ಅಂತ ಕೇಳೋರು ಇದ್ದೇ ಇದ್ದಾರೆ. ಕೈಗಡ ಕೊಟ್ಟವರು ಎದುರಿಗಿದ್ದು, ಅವರ ಮನೆಯಲ್ಲೇ ಅಡಚಣೆ ಇದ್ದರೆ ನಾನೂ ಅದನ್ನೇ ಕೇಳುತ್ತೇನೆ. ಪಕ್ಕದ ಮನೆಯ ಕಾಕಾನ ದುಡ್ಡು ಇಟ್ಟುಕೊಂಡು ಅವರ ಕಣ್ಣೆದುರಿಗೇ ಸಿನಿಮಾಕ್ಕೆ ಹೋಗೋದು ಸರಿಯಲ್ಲ. ಆದರೆ ಕಾರ್ಡಿನ ಸಾಲ ಹಾಗಲ್ಲ. ಅಲ್ಲಿ ಕೊಟ್ಟವನು ಶೇ. 42ರ ದರದಲ್ಲಿ ತನ್ನ ಕಾಯುವಿಕೆಗೆ ಬೆಲೆ ತಗೊಳ್ಳುತ್ತಾನೆ. ಅವನಿಗೆ ಬೇಕಾಗಿರೋದು ಕಂತು, ನಮ್ಮ ಉಪವಾಸ ಅಲ್ಲ.

ಹಾಗಂತ 1,500 ಎಲ್ಲರಿಗೂ ಹೊಂದುವ ಅಂಕಿಯೂ ಅಲ್ಲ. ಉಳಿಯೋದೇ ನಾಲ್ಕು ಸಾವಿರ ಇದ್ದು, ಬಡ್ಡಿಯೇ ಮೂರು ಸಾವಿರ ತಿನ್ನುತ್ತಿದ್ದರೆ ಖುಷಿಗೆ 200 ಇಡಿ. ಒಂದು ಪ್ಲೇಟ್ ಗಿರ್ಮಿಟ್ಟು, ಒಂದು ಮಿರ್ಚಿ, ಒಂದು ಚಹಾಕ್ಕೆ ಅಷ್ಟು ಧಾರಾಳ ಸಾಕು. ಅಂಥವರಿಗೆ ದರ ಬದಲಿಸೋ ಕೆಲಸ ಮೊದಲು, ಇವತ್ತೇ. ಆದರೆ ಆ ಸಾಲಿನ ಎದುರಿಗೆ ಸೊನ್ನೆ ಮಾತ್ರ ಬರೆಯಬೇಡಿ. ಬಜೆಟ್ಟಿನಲ್ಲಿ ಸೊನ್ನೆ ಇರುವ ಖರ್ಚು ನಿಲ್ಲೋದಿಲ್ಲ, ಲೆಕ್ಕಕ್ಕೆ ಸಿಗದಂತೆ ಕಾರ್ಡಿನೊಳಗೆ ಹೋಗಿ ಕೂರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು. ಸರಿ, ಒಪ್ಪೋಣ. ಆದರೆ ಅವರು ಕಾಲು ಮಡಚಿಕೊಂಡೇ ಹತ್ತು ತಿಂಗಳು ಮಲಗು ಅಂದಿಲ್ಲವಲ್ಲ! ನೀವೇನಂತೀರಿ?