ಅಡಿಕೆಯ ನಡುವೆ ಅನಾನಸ್: ಚಳಿಯ ಭಯ ಬೇಡ, ಲೆಕ್ಕ ಬೇಕು

ಅಡಿಕೆ ಸಾಲುಗಳ ನಡುವೆ ಅನಾನಸ್ ಹಾಕಬಹುದೇ ಎಂದು ಕೈಲಾಂಚ ಹೋಬಳಿಯ ಸದಸ್ಯ ಬಾಂಧವರು ಕೇಳುವುದುಂಟು. ಅದು ಸೆಕೆಯ ನಾಡಿನ ಗಿಡ, ನಮ್ಮ ಮಾಗಿಯ ಚಳಿಗೆ ತಡೆದೀತೇ ಎಂಬುದು ಅವರ ಶಂಕೆ. ಗಿಡ ಖಂಡಿತ ತಡೆಯುತ್ತದೆ. ಬೆಲೆಯ ಪೆಟ್ಟನ್ನು ಬೆಳೆಗಾರ ತಡೆದುಕೊಳ್ಳುವನೇ ಎಂಬುದೇ ನಮ್ಮ ಚಿಂತೆ.

ಅನಾನಸ್‌ನ ತವರು ದಕ್ಷಿಣ ಅಮೆರಿಕ. ನರ್ಸರಿಗಳಲ್ಲಿ ಕುಂಡದಲ್ಲಿಟ್ಟು ಮಾರುವ ಬಣ್ಣದೆಲೆಯ ಬ್ರೊಮೀಲಿಯಡ್‌ಗಳೂ ಇದರ ವಂಶದವೇ. ಇಂಗ್ಲೆಂಡಿನ ಧನಿಕರು 18ನೇ ಶತಮಾನದಲ್ಲಿ ಗಾಜಿನ ಮನೆ ಕಟ್ಟಿ, ಗೊಬ್ಬರದ ಕಾವು ಕೊಟ್ಟು ಈ ಹಣ್ಣು ಬೆಳೆದರು. ನಮಗೆ ಆ ಕಷ್ಟವಿಲ್ಲ. ಇಬ್ಬನಿ ಹೆಪ್ಪುಗಟ್ಟುವಂಥ ಚಳಿ ಮಾತ್ರ ಗಿಡವನ್ನು ಕೊಲ್ಲುತ್ತದೆ. ಅಂಥ ಚಳಿ ನಮ್ಮಲ್ಲಿಲ್ಲ. ರಾತ್ರಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದಾಗ ಬೆಳವಣಿಗೆ ಕುಂಠಿತವಾಗುವುದು, ಅಷ್ಟೆ. ಚಳಿಗಿಂತ ಬುಡದಲ್ಲಿ ನಿಂತ ನೀರು ಹೆಚ್ಚು ಅಪಾಯಕಾರಿ. ಆದುದರಿಂದ ಅಡಿಕೆಯ ಪಾತಿಯಲ್ಲಿ ನೆಡದೆ ಏರು ಮಡಿಯ ಮೇಲೆ ನೆಡಬೇಕು. ನೆರಳು ದಟ್ಟವಾದ ಹಳೆಯ ತೋಟದಲ್ಲಿ ಇಳುವರಿ ಕಡಿಮೆ ಎಂಬುದನ್ನೂ ಮರೆಯಬಾರದು.

ಚಳಿ ಮಾಡುವ ನಿಜವಾದ ಕಿತಾಪತಿ ಬೇರೆ. ತಂಪಿನ ರಾತ್ರಿಗಳೇ ಅನಾನಸ್‌ಗೆ ಹೂ ಬಿಡುವ ಸೂಚನೆ. ಕೆಲವು ಗಿಡಗಳು ಪೂರ್ತಿ ಬಲಿಯುವ ಮೊದಲೇ ಹೂವಿಟ್ಟು ಸಣ್ಣ ಕಾಯಿ ಕೊಡುತ್ತವೆ. ಕೆಲವು ಮುಂದಿನ ವರ್ಷದವರೆಗೂ ಸುಮ್ಮನಿರುತ್ತವೆ. ಹೀಗೆ ಒಬ್ಬನ ತೋಟದಲ್ಲಿ ಫಸಲು ಚದುರುತ್ತದೆ. ಆದರೆ ಮಾಗಿಯಲ್ಲಿ ಹೂ ಬಿಟ್ಟದ್ದೆಲ್ಲ, ಮಾವಿನ ಸುಗ್ಗಿಯ ಬೆನ್ನಿಗೇ, ಎಲ್ಲರ ತೋಟದಿಂದಲೂ ಏಕಕಾಲಕ್ಕೆ ಪೇಟೆಗೆ ಬಂದು ಬೀಳುತ್ತದೆ. ಆಗ ದಲ್ಲಾಳಿ ಹೇಳಿದ್ದೇ ದರ.

ಇದಕ್ಕೆ ಉಪಾಯವಿದೆ. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪದ ಬೆಳೆಗಾರರು ಗಾಜಿನ ಮನೆಯೊಳಗೆ ಹೊಗೆ ಹಾಕಿದರೆ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡುವುದನ್ನು 19ನೇ ಶತಮಾನದಲ್ಲೇ ಕಂಡುಕೊಂಡರು. ಹೊಗೆಯಲ್ಲಿರುವ ಎಥಿಲೀನ್ ಅನಿಲವೇ ಅದಕ್ಕೆ ಕಾರಣ. ಇಂದು ಅದೇ ಕೆಲಸವನ್ನು ಎಥೆಫಾನ್ ದ್ರಾವಣ ಮಾಡುತ್ತದೆ. ಗಿಡಕ್ಕೆ 35ರಿಂದ 40 ಎಲೆ ಬಂದ ಮೇಲೆ, ತೋಟಗಾರಿಕೆ ಇಲಾಖೆಯವರಿಂದ ಪ್ರಮಾಣ ತಿಳಿದುಕೊಂಡು, ಸುಳಿಗೆ ಹಾಕಬೇಕು.

ಆದರೆ ಒಬ್ಬನೇ ಹಾಕಿದರೆ ಫಲವೇನು? ಕಂದು ನೆಟ್ಟರೆ ಹಣ್ಣು ಕೈಸೇರಲು ಒಂದೂವರೆ ವರ್ಷ ಬೇಕು. ಸಣ್ಣ ಹಿಡುವಳಿದಾರ ಅಷ್ಟು ಕಾಲ ಹಣ ಹೂಡಿ, ಕೊನೆಗೆ ಹಣ್ಣನ್ನು ರಸ್ತೆ ಬದಿಗೆ ಸುರಿಯುವಂತಾಗಬಾರದು. ಆದುದರಿಂದ ನಮ್ಮ ಸಲಹೆ ಇಷ್ಟು: ಆಸಕ್ತ ಸದಸ್ಯರು ಸಂಘದಲ್ಲಿ ಹೆಸರು ಬರೆಸಲಿ. ಕಂದುಗಳನ್ನು ಒಟ್ಟಿಗೆ ತರಿಸೋಣ. ಮೂರು ತಂಡಗಳಾಗಿ, ತಿಂಗಳುಗಳ ಅಂತರದಲ್ಲಿ ನೆಟ್ಟು, ಸರದಿಯ ಮೇಲೆ ಹೂ ಬರಿಸೋಣ. ಮೊದಲ ಸಲ ಯಾರೂ ಐದು ಗುಂಟೆಗಿಂತ ಹೆಚ್ಚು ಹಾಕುವುದು ಬೇಡ.

ಅನಾನಸ್ ಉಪಬೆಳೆ, ಅಡಿಕೆಯ ದರ ಇಳಿದ ವರ್ಷ ಮನೆಯ ಖರ್ಚಿಗೆ ಒದಗಬೇಕಾದ ಬೆಳೆ. ಅದೇ ಸಾಲಕ್ಕೆ ದಾರಿಯಾಗಬಾರದು. ಸದಸ್ಯ ಬಾಂಧವರು ಯೋಚಿಸಬೇಕಾಗಿ ಕೋರುತ್ತೇವೆ.