ಕಸುವು ಕುಗ್ಗಿದವರಿಗೆ, ಚುಚ್ಚುಮದ್ದಿಗೆ ಮುನ್ನ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಜನರ ನಡುವೆ ವೈದ್ಯವೃತ್ತಿ ನಡೆಸುತ್ತಿರುವ ನಮಗೆ ಈಚಿನ ವರ್ಷಗಳಲ್ಲಿ ಒಂದು ಬಗೆಯ ರೋಗಿಗಳು ಹೆಚ್ಚಾಗಿ ಕಾಣಸಿಗುತ್ತಿದ್ದಾರೆ. ನಲವತ್ತರಿಂದ ಅರವತ್ತರೊಳಗಿನ ಪುರುಷರು. ಜ್ವರವಿಲ್ಲ, ಎದ್ದು ಕಾಣುವ ನೋವಿಲ್ಲ. ಮುಂಜಾನೆ ಏಳಲು ಮನಸ್ಸಿಲ್ಲ, ಅಂಗಡಿಗೆ ಹೋಗಲು ಹುರುಪಿಲ್ಲ, ಹೊಲದ ಕಡೆ ಮುಖ ಹಾಕಲು ಬೇಸರ. ಅವರಾಗಿ ಬಾಯಿ ಬಿಡುವುದು ಕಡಿಮೆ. ಜೊತೆಗೆ ಬಂದ ಮನೆಯವರೇ, "ನೋಡ್ರಿ ಡಾಕ್ಟರ್ರ, ಇವರು ಮೊದಲಿನಂಗ ಇಲ್ರೀ, ಮೈಯಾಗ ಕಸುವನ ಇಲ್ಲದಂಗ ಆಗೇತ್ರಿ" ಎಂದು ಹೇಳುತ್ತಾರೆ. ಆಗ ಆ ಪುರುಷರು ಜೇಬಿನಿಂದ ರಕ್ತಪರೀಕ್ಷೆಯ ಚೀಟಿಯೊಂದನ್ನು ಹೊರತೆಗೆಯುತ್ತಾರೆ. ಅದರಲ್ಲಿ ಟೆಸ್ಟೋಸ್ಟಿರಾನ್ ಎಂಬ ಹೆಸರಿನ ಮುಂದೆ ಒಂದು ಅಂಕಿ, ಅದರ ಕೆಳಗೆ ಕೆಂಪು ಗೆರೆ. ಮೊಬೈಲಿನಲ್ಲಿ ಜಾಹೀರಾತು ನೋಡಿ ತಾವೇ ಮಾಡಿಸಿಕೊಂಡ ಪರೀಕ್ಷೆ. ಅವರ ಪ್ರಶ್ನೆ ಒಂದೇ: ಚುಚ್ಚುಮದ್ದು ಯಾವಾಗ ಶುರು ಮಾಡೋಣ?

ಆ ದಣಿವು ಸುಳ್ಳಲ್ಲ ಎಂಬುದನ್ನು ನಾವು ಮೊದಲು ಹೇಳಬೇಕು. ಕಾಯಕವನ್ನು ಪೂಜೆಗೆ ಸಮವೆಂದು ತಿಳಿದು ಬೆಳೆದ ಮನೆತನಗಳಲ್ಲಿ ದುಡಿಯಲಾಗದ ಗಂಡಸಿಗೆ ದೇಹದ ದಣಿವಿಗಿಂತ ಮನಸ್ಸಿನ ಅಳುಕೇ ಹೆಚ್ಚಿನ ಭಾರವಾಗುತ್ತದೆ. ಮನೆಯಲ್ಲಿ ಅದಕ್ಕೆ ಸೋಮಾರಿತನವೆಂದು ಹೆಸರಿಡುತ್ತಾರೆ. ಅವನೂ ಅದನ್ನು ನಂಬಿಬಿಡುತ್ತಾನೆ. ಕಾರಣ ತಿಳಿಯದ ನಿಶ್ಶಕ್ತಿಯನ್ನು ಗುಣದೋಷವೆಂದು ಎಣಿಸುವುದು ರೋಗಿಗೆ ಮಾಡುವ ಅನ್ಯಾಯ ಎಂಬುದು ನಮ್ಮ ಅಭಿಪ್ರಾಯ. ಆದರೆ ದಣಿವು ನಿಜವೆಂದ ಮಾತ್ರಕ್ಕೆ ಅದರ ಕಾರಣ ಆ ಚೀಟಿಯಲ್ಲಿಯೇ ಇದೆಯೆಂದು ಹೇಳಲಾಗದು.

ಈ ಆಸೆಗೆ ಹಳೆಯ ಚರಿತ್ರೆಯಿದೆ. 1889ರಲ್ಲಿ ಬ್ರೌನ್-ಸೆಕಾರ್ ಎಂಬ ಹೆಸರಾಂತ ಶರೀರಶಾಸ್ತ್ರಜ್ಞರು ತಮ್ಮ 72ನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿ ಹಂದಿಗಳ ವೃಷಣದ ರಸವನ್ನು ತಮಗೇ ಚುಚ್ಚಿಕೊಂಡು, ಯೌವನದ ಬಲ ಮರಳಿತೆಂದು ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದೆ ಸಾರಿದರು. ನೀರಿನಲ್ಲಿ ತೆಗೆದ ಆ ರಸದಲ್ಲಿ ಕೆಲಸಕ್ಕೆ ಬರುವಷ್ಟು ಹಾರ್ಮೋನು ಇರಲು ಸಾಧ್ಯವೇ ಇರಲಿಲ್ಲವೆಂದು ಮುಂದೆ ತಿಳಿಯಿತು. ಅವರಿಗೆ ಬಲ ಬಂದದ್ದು ನಂಬಿಕೆಯಿಂದ. ನಿಜವಾದ ಹಾರ್ಮೋನು ಶುದ್ಧರೂಪದಲ್ಲಿ ದೊರೆತದ್ದು 1935ರಲ್ಲಿ, ಆಮ್‌ಸ್ಟರ್‌ಡಾಮಿನಲ್ಲಿ, ಹೋರಿಗಳ ವೃಷಣಗಳಿಂದ. ಅದು ಬೆಲೆಬಾಳುವ ಔಷಧ, ಅದರಲ್ಲಿ ಅನುಮಾನವಿಲ್ಲ. ಯಾರಿಗೆ ಬೆಲೆಬಾಳುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಆ ಚೀಟಿಯ ವಿಷಯ. ಟೆಸ್ಟೋಸ್ಟಿರಾನ್ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ಬೆಳಗಿನ ಜಾವ ಏರುತ್ತದೆ, ಸಂಜೆಗೆ ಇಳಿಯುತ್ತದೆ. ಊಟ ಮಾಡಿದರೆ ಇಳಿಯುತ್ತದೆ, ಜ್ವರ ಬಂದರೆ ಇಳಿಯುತ್ತದೆ, ನಿದ್ದೆಗೆಟ್ಟರೆ ಇಳಿಯುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಬಲ್ಲವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಸುಗ್ಗಿಯ ತಿಂಗಳುಗಳಲ್ಲಿ ಸೋಮವಾರ, ಗುರುವಾರಗಳ ಟೆಂಡರಿಗಾಗಿ ಹಿಂದಿನ ರಾತ್ರಿಯೆಲ್ಲ ಲಾರಿಗಳು ಬಂದು ಚೀಲ ಇಳಿಯುತ್ತಲೇ ಇರುತ್ತವೆ. ದಲಾಲಿ ಅಂಗಡಿಯವರಿಗೂ ಗುಮಾಸ್ತರಿಗೂ ಹಮಾಲರಿಗೂ ಆ ರಾತ್ರಿ ನಿದ್ದೆಯಿಲ್ಲ. ಅಂಥವರು ಮರುದಿನ ವ್ಯವಹಾರ ಮುಗಿಸಿ, ಊಟ ಮಾಡಿ, ನಾಲ್ಕು ಗಂಟೆಗೆ ರಕ್ತ ಕೊಟ್ಟರೆ ಅಂಕಿ ಕೆಳಗಿರದೆ ಮೇಲಿರುತ್ತದೆಯೇ? ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಬರಿಹೊಟ್ಟೆಯಲ್ಲಿ, ಹಿಂದಿನ ರಾತ್ರಿ ನೆಟ್ಟಗೆ ನಿದ್ರಿಸಿದ ಮೇಲೆ, ಬೇರೆ ಬೇರೆ ಎರಡು ದಿನ ಪರೀಕ್ಷೆಯಾಗಬೇಕು. ಅಮೆರಿಕದ ಮೂತ್ರರೋಗ ತಜ್ಞರ ಸಂಘವು 2018ರಲ್ಲಿ ಇಟ್ಟ ಗಡಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 300 ನ್ಯಾನೊಗ್ರಾಂ. ಎರಡೂ ಸಲ ಅದಕ್ಕಿಂತ ಕೆಳಗಿದ್ದು, ಲಕ್ಷಣಗಳೂ ಹೊಂದಿಕೊಂಡರೆ ಮಾತ್ರ ಕೊರತೆಯೆಂಬ ಮಾತು. ಬೊಜ್ಜಿದ್ದವರಲ್ಲಿ ಒಟ್ಟು ಅಂಕಿಯೇ ದಾರಿತಪ್ಪಿಸುವುದರಿಂದ ಫ್ರೀ ಟೆಸ್ಟೋಸ್ಟಿರಾನನ್ನೂ ನೋಡಬೇಕಾಗುತ್ತದೆ.

ನಡುವಯಸ್ಸು ದಾಟಿದ ಮೇಲೆ ಈ ಹಾರ್ಮೋನು ಸರಾಸರಿ ವರ್ಷಕ್ಕೆ ಶೇಕಡಾ 1ರಷ್ಟು ಇಳಿಯುವುದು ಪ್ರಕೃತಿಧರ್ಮ. ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವಯಸ್ಸಿನ 3,369 ಪುರುಷರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಕಿಯೂ ಲಕ್ಷಣಗಳೂ ಕೂಡಿ ನಿಜವಾದ ಕೊರತೆಯೆಂದು ಕಂಡುಬಂದದ್ದು ಶೇಕಡಾ 2.1 ಜನರಲ್ಲಿ ಮಾತ್ರ. ಜಾಹೀರಾತುಗಳ ಮಾತು ಕೇಳಿದರೆ ನೂರಕ್ಕೆ ಐವತ್ತು ಜನ ಎಂದು ತೋರುತ್ತದೆ.

ಇನ್ನೂ ಮುಖ್ಯವಾದ ಸಂಗತಿ ಬೇರೆಯೇ ಇದೆ. ಅಮೆರಿಕದಲ್ಲಿ 65 ದಾಟಿದ, ಹಾರ್ಮೋನು ನಿಜವಾಗಿಯೂ ಕಡಿಮೆಯಿದ್ದ 790 ಪುರುಷರಿಗೆ ಒಂದು ವರ್ಷ ಟೆಸ್ಟೋಸ್ಟಿರಾನ್ ಲೇಪವನ್ನೋ ಬರಿಯ ಲೇಪವನ್ನೋ ಕೊಟ್ಟು ನೋಡಿದರು. ಫಲಿತಾಂಶ 2016ರಲ್ಲಿ ಹೊರಬಂತು. ದಾಂಪತ್ಯದ ಆಸಕ್ತಿ ಸುಧಾರಿಸಿತು, ಮನಸ್ಸಿನ ಸ್ಥಿತಿ ಸ್ವಲ್ಪ ಹಗುರವಾಯಿತು. ಆದರೆ ದಣಿವಿನ ಅಳತೆಯಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ನಮ್ಮ ಬಳಿ ಬರುವವರು ಯಾವ ದೂರನ್ನು ಹೊತ್ತು ಚುಚ್ಚುಮದ್ದು ಬೇಡುತ್ತಾರೋ, ಅದೇ ದೂರಿಗೆ ಅದರ ಫಲ ಎಲ್ಲಕ್ಕಿಂತ ಕಡಿಮೆ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಹಾಗಾದರೆ ಕಸುವು ಎಲ್ಲಿ ಸೋರಿಹೋಗುತ್ತಿದೆ? ನಮ್ಮ ಅನುಭವದಲ್ಲಿ ಮೊದಲ ಸ್ಥಾನ ನಿದ್ರೆಯದು. ಚರಕಾಚಾರ್ಯರು ಶರೀರವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳನ್ನು ಹೇಳುವಾಗ ಆಹಾರದ ನಂತರ ನಿದ್ರೆಯನ್ನೇ ಇಟ್ಟರು. 2011ರ ಒಂದು ಚಿಕ್ಕ ಪ್ರಯೋಗದಲ್ಲಿ ಹತ್ತು ಮಂದಿ ಆರೋಗ್ಯವಂತ ತರುಣರನ್ನು ಒಂದು ವಾರ ರಾತ್ರಿಗೆ ಐದೇ ತಾಸು ಮಲಗಿಸಿದಾಗ ಹಗಲಿನ ಟೆಸ್ಟೋಸ್ಟಿರಾನ್ ಶೇಕಡಾ 10ರಿಂದ 15ರಷ್ಟು ಇಳಿಯಿತು. ತಾಸು ಸಾಕಷ್ಟಿದ್ದರೂ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ಕಟ್ಟಿ, ಮುಂಜಾನೆ ತಲೆಭಾರದಿಂದ ಏಳುವವರಿದ್ದಾರೆ. ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ದಪ್ಪ ಕುತ್ತಿಗೆಯ, ದಿನವೆಲ್ಲ ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡುವವರಲ್ಲಿ ಇದು ಹೆಚ್ಚು. ಇದು ತೀವ್ರವಾಗಿದ್ದು ಚಿಕಿತ್ಸೆಯಾಗದಿದ್ದರೆ ಟೆಸ್ಟೋಸ್ಟಿರಾನ್ ಆರಂಭಿಸಬಾರದೆಂದೇ ತಜ್ಞರ ನಿಯಮವಿದೆ. ಉಸಿರು ನಿಂತದ್ದು ಮಲಗಿದವನಿಗೆ ತಿಳಿಯದು, ಪಕ್ಕದಲ್ಲಿದ್ದವರಿಗೆ ತಿಳಿಯುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ನಾವು ಮನೆಯವರಿಗೇ ಕೇಳುತ್ತೇವೆ.

ಎರಡನೆಯದು ನಮ್ಮ ಶಾಕಾಹಾರಿ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಬಿ12 ಜೀವಸತ್ವವು ಸಸ್ಯಗಳಿಂದ ದೊರೆಯುವುದಿಲ್ಲ. ಹಾಲು, ಮೊಸರುಗಳಲ್ಲಿ ಸ್ವಲ್ಪ ದೊರೆಯುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ, ಎದೆಯುರಿಗೆಂದು ವರ್ಷಗಟ್ಟಲೆ ಗುಳಿಗೆ ತಿನ್ನುವವರಲ್ಲಿ ಅದೂ ಮೈಗೆ ಹತ್ತುವುದಿಲ್ಲ. ಕಾಲು ಜುಮುಗುಡುವುದು, ಮರೆವು, ಬೇಸರ, ನಿತ್ರಾಣ ಇವೆಲ್ಲ ಅದರಿಂದ ಬರಬಹುದು. ಮಾಂಸಾಹಾರ ಮಾಡಿರೆಂದು ನಾವು ಹೇಳುತ್ತಿಲ್ಲ. ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ಬಿ12 ಗುಳಿಗೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳಿರಿ, ಅದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಚುಚ್ಚುಮದ್ದೇ ಬೇಕೆಂದು ಬಂದ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಈ ಚುಚ್ಚುಮದ್ದು!

ಸಕ್ಕರೆ ಕಾಯಿಲೆ, ಥೈರಾಯಿಡ್, ರಕ್ತಹೀನತೆ ಇವುಗಳ ಪರೀಕ್ಷೆ ಯಾವ ತಾಲ್ಲೂಕು ಊರಿನಲ್ಲಿಯೂ ಆಗುತ್ತದೆ. ವಯಸ್ಕ ಗಂಡಸಿಗೆ ರಕ್ತ ಕಡಿಮೆಯಾಗಿದೆಯೆಂದರೆ ಕಬ್ಬಿಣದ ಟಾನಿಕ್ ಕುಡಿದು ಸುಮ್ಮನಿರಬಾರದು. ಹೊಟ್ಟೆ-ಕರುಳಿನಲ್ಲಿ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ನೋಡಿಸಲೇಬೇಕು. ಮದ್ಯವನ್ನೂ, ನೋವಿಗೆಂದು ತಿಂಗಳುಗಟ್ಟಲೆ ತಿನ್ನುವ ಟ್ರಮಡಾಲ್‌ನಂಥ ಗುಳಿಗೆಗಳನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಇವೆರಡೂ ಟೆಸ್ಟೋಸ್ಟಿರಾನನ್ನು ಕುಗ್ಗಿಸುತ್ತವೆ. ಇನ್ನು ಖಿನ್ನತೆ. ಬೆಳೆ ಕೈಕೊಟ್ಟ ವರ್ಷ, ಸಾಲದ ಹೊರೆ, ಮಗಳ ಮದುವೆಯ ಚಿಂತೆ ಇವು ಮನಸ್ಸನ್ನು ಕುಗ್ಗಿಸಿದಾಗ ನಮ್ಮ ಕಡೆಯ ಗಂಡಸರು ದುಃಖವೆನ್ನುವುದಿಲ್ಲ, ಮೈಯಲ್ಲಿ ಶಕ್ತಿಯಿಲ್ಲ ಎನ್ನುತ್ತಾರೆ. ಹಾರ್ಮೋನಿನ ಕೊರತೆ ಎನ್ನುವುದರಲ್ಲಿ ಅವಮಾನವಿಲ್ಲ, ಖಿನ್ನತೆ ಎನ್ನುವುದರಲ್ಲಿ ಅವಮಾನವಿದೆ ಎಂಬ ಭಾವನೆಯೇ ಎಷ್ಟೋ ಜನರನ್ನು ತಪ್ಪು ಚಿಕಿತ್ಸೆಯ ಕಡೆ ನೂಕುತ್ತಿದೆ.

ಪರೀಕ್ಷೆಗೂ ತಜ್ಞರ ಭೇಟಿಗೂ ನಡುವೆ ಕೆಲವು ವಾರಗಳು ಹೋಗುತ್ತವೆ. ಹಾರ್ಮೋನು ತಜ್ಞರನ್ನು ಕಾಣಲು ನಮ್ಮ ಜನ ಸಾಮಾನ್ಯವಾಗಿ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕು. ಆ ವಾರಗಳನ್ನು ಕಳೆಯುವುದೇ ಕಷ್ಟವೆಂದು ಹಲವರು ಹೇಳುತ್ತಾರೆ. ಮಾಡಬೇಕಾದದ್ದು ಬೆಟ್ಟದಷ್ಟಿರುವಾಗ ಕೈ ಏಳುವುದಿಲ್ಲ. ಅಂಥವರಿಗೆ ನಾವು ಹೇಳುವುದು ಇಷ್ಟು. ಹುರುಪು ಬಂದ ಮೇಲೆ ಎದ್ದೇನೆಂದು ಕಾಯಬೇಡಿರಿ, ಎದ್ದ ಮೇಲೆ ಸ್ವಲ್ಪ ಹುರುಪು ಬರುತ್ತದೆ. ದಿನದ ಯಾವ ಹೊತ್ತಿನಲ್ಲಿ ಮೈ ಸ್ವಲ್ಪ ಹಗುರವಾಗಿರುತ್ತದೆಂದು ಒಂದು ವಾರ ಬರೆದಿಡಿರಿ. ಅನಿವಾರ್ಯವಾದ ಒಂದೇ ಒಂದು ಕೆಲಸವನ್ನು ಆ ಹೊತ್ತಿಗಿಟ್ಟು ಉಳಿದದ್ದನ್ನು ಮನೆಯವರಿಗೆ ಹಂಚಿರಿ. ಬೀಜೋತ್ಪಾದನೆ ಮಾಡುವ ರಾಣೇಬೆನ್ನೂರು ಕಡೆಯ ರೈತರೊಬ್ಬರಿಗೆ, ಪೂರ್ತಿ ಹೊಲ ಸುತ್ತಬೇಡಿರಿ, ಸೂರ್ಯ ಏರುವ ಮೊದಲು ಒಂದು ಬದುವಿನ ತುದಿಯವರೆಗೆ ಹೋಗಿ ಬನ್ನಿರಿ ಎಂದೆವು. ಮೂರನೆಯ ವಾರ ಅವರು ತಾವಾಗಿಯೇ ಹೊಲದ ಸುತ್ತ ತಿರುಗುತ್ತಿದ್ದರು. ಗಾದಿಯ ಮೇಲೆ ಕುಳಿತಿರುವವರು ಊಟವಾದ ಮೇಲೆ ಹತ್ತು ನಿಮಿಷ ನಡೆಯಲಿ, ವಾರಕ್ಕೆ ಎರಡು-ಮೂರು ದಿನ ಬೈಠಕ್ಕು ಹೊಡೆದು ಭಾರ ಎತ್ತಲಿ. ರೊಟ್ಟಿಯ ಎಣಿಕೆ ಸ್ವಲ್ಪ ಇಳಿಸಿ ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಹೆಚ್ಚಿಸಲಿ. ಬೊಜ್ಜು ಕರಗಿದಂತೆ ಟೆಸ್ಟೋಸ್ಟಿರಾನ್ ತಾನಾಗಿಯೇ ಏರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮಧ್ಯಾಹ್ನದ ಮೇಲೆ ಚಹಾ ಬೇಡ. ಇದನ್ನು ಹೇಳಿದಾಗಲೇ ಎಲ್ಲರ ಮುಖ ಬಾಡುತ್ತದೆ.

ಈ ಕಾಯುವ ಹೊತ್ತಿನಲ್ಲಿ ಶಕ್ತಿವರ್ಧಕ ಚೂರ್ಣಗಳನ್ನು ತಿನ್ನಬಹುದೇ ಎಂದು ಆಯುರ್ವೇದ ವೈದ್ಯರಾದ ನಮ್ಮನ್ನು ಎಲ್ಲರೂ ಕೇಳುತ್ತಾರೆ. ರಸಾಯನ, ವಾಜೀಕರಣಗಳು ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲೆರಡು ಅಧ್ಯಾಯಗಳು, ನಮ್ಮ ಶಾಸ್ತ್ರದ ಹೆಮ್ಮೆ. ಆದರೆ ಅಲ್ಲಿಯೂ ಮೊದಲು ಶರೀರಶೋಧನೆ, ಆಮೇಲೆ ಔಷಧ ಎಂಬ ಕ್ರಮವಿದೆ. ಕಾರಣ ನೋಡದೆ ಡಬ್ಬಿ ಕೊಡುವುದು ಆಯುರ್ವೇದವಲ್ಲ. ಅಶ್ವಗಂಧವು ಕೆಲವು ಸಣ್ಣ ಅಧ್ಯಯನಗಳಲ್ಲಿ ಅಲ್ಪ ಪ್ರಯೋಜನ ತೋರಿದೆ. ಅದೇ ಅಶ್ವಗಂಧ ಥೈರಾಯಿಡ್ ಅಂಕಿಯನ್ನು ಏರುಪೇರು ಮಾಡಬಲ್ಲದು, ಅಪರೂಪಕ್ಕೆ ಯಕೃತ್ತಿಗೆ ತೊಂದರೆ ಕೊಟ್ಟ ವರದಿಗಳೂ ಇವೆ. ಪರೀಕ್ಷೆ ಮುಗಿಯುವವರೆಗೆ ಅದೂ ಬೇಡವೆಂಬುದು ನಮ್ಮ ನಿಲುವು. ಚೀಟಿಯಿಲ್ಲದ ಪೊಟ್ಟಣಗಳ ಮಾತಂತೂ ಬೇಡವೇ ಬೇಡ. ಅವುಗಳಲ್ಲಿ ಕೆಲವೊಮ್ಮೆ ಸ್ಟಿರಾಯಿಡ್ ಬೆರೆಸಿರುತ್ತಾರೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆದರೂ ಊರ ಗೋಡೆಗಳನ್ನು ನೋಡಿರಿ.

ನಿಜವಾದ ಕೊರತೆಯಿದ್ದವರು ಈ ಲೇಖನ ಓದಿ ಚುಚ್ಚುಮದ್ದಿಗೆ ಹೆದರಬಾರದು. ಹರೆಯದಲ್ಲಿ ಮಂಗನಬಾವು ಬಂದು ವೃಷಣಗಳು ಬಾಡಿದವರು, ಹುಟ್ಟಿನಿಂದಲೇ ದೋಷವಿದ್ದವರು, ಮೆದುಳಿನ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಿದ್ದವರು, ಇವರಿಗೆ ಅದು ವರವೇ ಸರಿ. ಯಾವ ಚೂರ್ಣವೂ ಅದರ ಬದಲಿಗೆ ನಿಲ್ಲದು. ಅದಕ್ಕಾಗಿಯೇ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಪರೀಕ್ಷೆಗಳನ್ನು ಆರಂಭಿಸುವ ಮೊದಲೇ ಮಾಡಿಸಬೇಕು. ಚುಚ್ಚುಮದ್ದು ಒಮ್ಮೆ ಶುರುವಾದರೆ ಅವುಗಳ ಅಂಕಿ ಬದಲಾಗಿ ಮೂಲ ಕಾರಣ ಮುಚ್ಚಿಹೋಗುತ್ತದೆ.

ಮಕ್ಕಳಾಗಬೇಕೆಂದು ಬಯಸುವ ತರುಣರು ಒಂದು ಮಾತನ್ನು ಮರೆಯಕೂಡದು. ಹೊರಗಿನಿಂದ ಬಂದ ಟೆಸ್ಟೋಸ್ಟಿರಾನ್ ವೀರ್ಯಾಣುಗಳ ಉತ್ಪತ್ತಿಯನ್ನು ನಿಲ್ಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನೇ ಪುರುಷರ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಈ ಔಷಧವನ್ನು ಮೈಕಟ್ಟಿಗಾಗಿ ಚುಚ್ಚಿಕೊಂಡು, ಮದುವೆಯಾಗಿ ಎರಡು ವರ್ಷವಾದರೂ ಮಗುವಿಲ್ಲವೆಂದು ಬರುವ ಹುಡುಗರನ್ನು ಕಂಡಿದ್ದೇವೆ. ಅಲ್ಲಿಯವರೆಗೆ ಮಾತು ಕೇಳಿದ್ದು ಅವರ ಹೆಂಡತಿ. ನಿಲ್ಲಿಸಿದ ಮೇಲೆ ಹಲವರಲ್ಲಿ ಮತ್ತೆ ಸರಿಹೋಗುತ್ತದೆ, ಆದರೆ ತಿಂಗಳುಗಳು ಹಿಡಿಯುತ್ತವೆ.

ಆರಂಭಿಸುವವರ ಹೃದಯದ ಬಗ್ಗೆ 2023ರಲ್ಲಿ ಐದು ಸಾವಿರಕ್ಕೂ ಹೆಚ್ಚು ಪುರುಷರ ಅಧ್ಯಯನ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಲಿಲ್ಲ. ಆದರೆ ಹೃದಯಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಹೆಚ್ಚಾಗಿ ಕಂಡವು. ರಕ್ತ ದಪ್ಪವಾಗಿ ಹೆಮಟೋಕ್ರಿಟ್ ಶೇಕಡಾ 54 ದಾಟಿದರೆ ನಿಲ್ಲಿಸಬೇಕು. ಪ್ರಾಸ್ಟೇಟ್ ಪರೀಕ್ಷೆ ಮೊದಲೇ ಆಗಿರಬೇಕು.

ತಲೆನೋವಿನ ಜೊತೆಗೆ ದೃಷ್ಟಿ ಮಂಜಾದರೆ, ಮಲ ಕಪ್ಪಾಗಿ ಹೋದರೆ, ಕಾರಣವಿಲ್ಲದೆ ತೂಕ ಇಳಿದರೆ ಈ ವಾರಗಳನ್ನು ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬದುಕೇ ಬೇಡವೆನಿಸುತ್ತಿದ್ದರೆ ಅಥವಾ ಮನೆಯ ಹಿರಿಯರೊಬ್ಬರು ಹಾಗೆ ಮಾತಾಡುತ್ತಿದ್ದರೆ, ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ.